ತಿದಿಯ ಮುಂದೆ

ಬೆಳಗಿನಿಂದ ಅವಳು ತಿದಿ ಒತ್ತುತ್ತಲೇ ಇದ್ದಳು. ಗಾಳಿ ನಿಂತರೆ, ಅವಳೇ ಅಗೆದು ಹೊತ್ತು ತಂದ ಅದಿರೆಲ್ಲ ಕುಲುಮೆಯೊಳಗೇ ಹಾಳಾಗುತ್ತಿತ್ತು. ಮಧ್ಯಾಹ್ನ ಹೆರಿಗೆ ನೋವು ಶುರುವಾಯಿತು.

"ಇನ್ನು ಆಗಾಕಿಲ್ಲ, ಸೊಂಟ ಮುರೀತೈತೆ" ಎಂದಳು.

"ಒಂಚೂರು ತಡ್ಕೊ. ಈಗ ನಿಲ್ಸಿದ್ರೆ ಕಬ್ಬಿಣ ನಿಮ್ಮಪ್ಪ ಕೊಡ್ತಾನಾ?" ಎಂದ ಗಂಡ.

"ಹೊಟ್ಟೇಲಿರೋದು ನಿಂದೇ ಕಣಯ್ಯ. ಸೂಲಗಿತ್ತೀನಾದ್ರೂ ಕರ್ಸು."

"ಮಾಳಜ್ಜಿಗೆ ಬೆಳಿಗ್ಗೇನೇ ಹೇಳಿ ಕಳ್ಸಿವ್ನಿ. ಬತ್ತಾಳೆ, ಒತ್ತು."

ನೋವು ಬರುವ ಮೊದಲೇ ಹೇಳಿ ಕಳಿಸಿದ್ದಾನೆ! ಅವಳ ಕಣ್ಣು ತುಂಬಿತು. ಹಲ್ಲು ಕಚ್ಚಿಕೊಂಡು ಇನ್ನಷ್ಟು ಜೋರಾಗಿ ಒತ್ತಿದಳು.

ಮಾಳಜ್ಜಿ ಅರಿಸಿನದ ಬಟ್ಟಲು ಹಿಡಿದು ಬಂದಳು. ತಿದಿ ಒತ್ತುತ್ತಿದ್ದವಳನ್ನು ದಾಟಿ ಹೋಗಿ, ಕುಲುಮೆಯ ಬಾಯಿಗೆ ಅರಿಸಿನ ಹಚ್ಚುತ್ತ, "ನೀನು ಒತ್ತು ಮಗಾ, ಮೊದ್ಲು ಈ ತಾಯಿ ಹೆರ್ಲಿ" ಎಂದಳು.