ಡಬ್ಬಿಯ ಸದ್ದು

ಲಿಡಿಯಾ ಟೀಚರ್ ಪಾರ್ಕಿನ ಗೇಟು ದಾಟಿ ಬರುವುದು ಕಂಡದ್ದೇ ಯೋಗೀಶ ಬಕೆಟಿನ ಮುಚ್ಚಳ ಒತ್ತಿ, ಅದರ ಮೇಲೆ ಕೈಯಿಟ್ಟು ಕುಳಿತ. ಒಳಗೆ ಮೂರು ಕಿಲೋದ ಕೇಸರಿ ಬಣ್ಣದ ಮೀನಿತ್ತು. ಟೀಚರ ಗಂಡ ಮನೆಯಲ್ಲಿ ಸಾಕಿದ್ದ ಮೀನದು; ಅವರು ತೀರಿಹೋದ ಮೇಲೆ ಟೀಚರೇ ತಂದು ಪಾರ್ಕಿನ ಈ ಕೆರೆಗೆ ಬಿಟ್ಟಿದ್ದರು. ದಿನಾ ಸಂಜೆ ಬಂದು ಸ್ಟೀಲ್ ಡಬ್ಬಿಯನ್ನು ಮೆಟ್ಟಿಲ ಕಲ್ಲಿಗೆ ಮೂರು ಸಲ ಬಡಿದರೆ ಸಾಕು, ಎಲ್ಲಿದ್ದರೂ ಅದು ಬ್ರೆಡ್ ತಿನ್ನಲು ಬರುತ್ತಿತ್ತು.

ಎರಡು ತಿಂಗಳು ಗಾಳ ಹಾಕಿದರೂ ಯೋಗೀಶನಿಗೆ ಸಿಕ್ಕಿದ್ದು ಬೆರಳುದ್ದದ ಮೀನುಗಳು ಮಾತ್ರ. ಇವತ್ತು ಗಾಳಕ್ಕೆ ಬ್ರೆಡ್ ಸಿಕ್ಕಿಸಿ, ತನ್ನ ಊಟದ ಡಬ್ಬಿಯನ್ನು ಅದೇ ಕಲ್ಲಿಗೆ ಮೂರು ಸಲ ಬಡಿದಿದ್ದ.

“ಎಂತ ಯೋಗೀಶ, ಏನಾದರೂ ಸಿಕ್ಕಿತಾ?”

“ಎಂತದೂ ಇಲ್ಲ ಟೀಚರ್.” ಹೋಮ್‌ವರ್ಕ್ ಪುಸ್ತಕ ಮನೆಯಲ್ಲಿ ಉಂಟು ಎಂದು ಐದನೇ ಕ್ಲಾಸಿನಲ್ಲಿ ಇದೇ ಟೀಚರಿಗೆ ಹೇಳುತ್ತಿದ್ದ ಸ್ವರವೇ ಹೊರಬಂತು.

ಅವರು ಮೆಟ್ಟಿಲಿಳಿದು ಡಬ್ಬಿ ಬಡಿದರು. ಟಣ್, ಟಣ್, ಟಣ್. ಕೆರೆಯ ನೀರು ಅಲುಗಲಿಲ್ಲ. ಯೋಗೀಶನ ಅಂಗೈಯಡಿ ಮುಚ್ಚಳ ಧಡ್ ಎಂದಿತು.

ಟೀಚರ್ ತಿರುಗಿದರು. ಬಕೆಟನ್ನು ನೋಡಿದರು. ಅದರ ಪಕ್ಕದಲ್ಲಿದ್ದ ಅವನ ಡಬ್ಬಿಯನ್ನೂ ಕಲ್ಲಿನ ಮೇಲಿದ್ದ ಬ್ರೆಡ್ಡಿನ ಚೂರುಗಳನ್ನೂ ನೋಡಿದರು. ಬೈಯಲಿಲ್ಲ. ಹತ್ತಿರ ಬಂದು, ನೋಯುವ ಮೊಣಕಾಲನ್ನು ನಿಧಾನಕ್ಕೆ ಮಡಚಿ ಬಕೆಟಿನ ಎದುರು ಕುಳಿತರು.

“ಕೈ ತೆಗೆ ಯೋಗೀಶ. ನಾನೇ ಕರೆದದ್ದು ಅಂತ ಗ್ರಹಿಸಿ ಬಂದದ್ದು ಅದು.”