ಕೆಂಪಣ್ಣನನ್ನು ಹಿಡಿದ ಡ್ರೋನ್

ಕೆಂಪಣ್ಣನ ಫೋನ್ ಸ್ವಿಚ್ ಆಫ್ ಆಗಿತ್ತು.

ಪರಮೇಶ್ ಮೂರನೇ ಸಲ ಒತ್ತಿ ನೋಡಿದರು. ಆಮೇಲೆ ತಮ್ಮ ಆರೆಕರೆ ತೆಂಗಿನ ತೋಟದ ಮೇಲೆಲ್ಲ ಒಮ್ಮೆ ಕಣ್ಣಾಡಿಸಿ, ಮಗಳ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು.

"ಬಡ್ಕೊಂಡೆ ಕಣಮ್ಮಾ, ಆ ಕಳ್ಳನ್ನ ನಂಬ್‌ಬ್ಯಾಡ ಅಂತ. ಈಗ ಯಾವ ಮರದ ಮ್ಯಾಲೆ ಕಾಯಿ ಕೀಳ್ತಾ ಕೂತವ್ನೋ!"

"ಅವಿತ್ಕೊಳ್ಳೋನು ಫೋನ್ ಆನ್ ಇಟ್ಕೊಂಡು ಕೂರ್ತಾನಾ ಅಪ್ಪಾಜಿ? ನೀವು ಸುಮ್ನಿರಿ," ಎಂದಳು ಪ್ರೇಕ್ಷಾ. ಎಂದವಳೇ ಶೆಡ್ಡಿನೊಳಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ಏನನ್ನೋ ಹುಡುಕತೊಡಗಿದಳು.

ಪರಮೇಶರ ಹೊಟ್ಟೆಯುರಿಗೆ ಕಾರಣವಿತ್ತು. ಚನ್ನರಾಯಪಟ್ಟಣದಲ್ಲಿ ಕಾಯಿ ಮಂಡಿ ಇಟ್ಟು ದೊಡ್ಡ ಹೆಸರು ಮಾಡಿದವರು ಅವರು. ಆದರೆ ಸ್ವಂತ ತೋಟದ ಕಾಯಿ ಉಳಿಸಿಕೊಳ್ಳುವುದು ಇಪ್ಪತ್ತು ವರ್ಷ ಅವರ ಕೈಲಾಗಲಿಲ್ಲ. ಕಾವಲಿನವರು, ನಾಯಿ, ಬೀಟ್ ಪೊಲೀಸರು, ಎಲ್ಲರಿಗೂ ಚಳ್ಳೆಹಣ್ಣು ತಿನ್ನಿಸಿದವನು ಕೆಂಪಣ್ಣ. ಒಮ್ಮೆಯೂ ಸಿಕ್ಕಿಬಿದ್ದವನಲ್ಲ. ಮೊಣಕಾಲು ನೋವು ಬಂದ ಮೇಲೆ ಕಳವು ಬಿಟ್ಟಿದ್ದೇನೆ ಎನ್ನುತ್ತಿದ್ದ. ಪರಮೇಶ್ ನಂಬಿರಲಿಲ್ಲ.

ಅಂಥವನನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಇವತ್ತಿನ ಪರೀಕ್ಷೆಯಲ್ಲಿ ಗಡಿ ನುಸುಳುವವನ ಪಾತ್ರ ಒಪ್ಪಿಸಿದ್ದಳು ಪ್ರೇಕ್ಷಾ. ಕೆಂಪಣ್ಣನನ್ನೇ ಹುಡುಕಿ ಹಿಡಿದರೆ ತಾನು ತಯಾರಿಸಿದ ಡ್ರೋನು ಇನ್ಯಾರನ್ನು ಬಿಟ್ಟೀತು ಎಂಬುದು ಅವಳ ಲೆಕ್ಕಾಚಾರ. ತೋಟದಲ್ಲಿ ಎಲ್ಲಿ ಬೇಕಾದರೂ ಅವಿತುಕೊಳ್ಳಲಿ, ಎಲ್ಲಿ ಎಂದು ತನಗೂ ಹೇಳುವುದು ಬೇಡ ಎಂದಿದ್ದಳು. ಹಾಗಾಗಿ ಬೆಳಗಿನಿಂದ ಅವನ ಮುಖ ಯಾರೂ ಕಂಡಿರಲಿಲ್ಲ.

ಗಡಿ ಕಾಯುವ ಸೇನೆಗೆ ನೆರವಾಗುವ ಯಂತ್ರ ತಯಾರಿಸುವವರಿಗೆ ಸರ್ಕಾರ ಅನುದಾನ ಕೊಡುತ್ತದೆಂದು ತಿಳಿದ ದಿನದಿಂದ ಪ್ರೇಕ್ಷಾಳಿಗೆ ಸರಿಯಾದ ಊಟ ನಿದ್ದೆ ಇಲ್ಲ. ನಾಲ್ಕು ವರ್ಷದಿಂದ ಈ ಶೆಡ್ಡೇ ಅವಳ ಲೋಕ. ಹೊಳೆನರಸೀಪುರದಲ್ಲಿ ಐಟಿಐ ಓದಿದ ಆರು ಹೆಣ್ಣುಮಕ್ಕಳು ಅವಳನ್ನು ನಂಬಿ ಬಂದಿದ್ದರು. ಇವತ್ತು ಡ್ರೋನು ನೋಡಲು ಬರುವ ಅನುದಾನ ಸಮಿತಿ ತಲೆಯಾಡಿಸಿದರೆ ಶೆಡ್ಡು ಕಾರ್ಖಾನೆಯಾಗುತ್ತದೆ. ಇಲ್ಲವೆಂದರೆ ಮುಂದಿನ ತಿಂಗಳು ಬೀಗ.

ಹೋದ ವಾರದ ತಾಲೀಮು ನೆನೆದರೆ ಮಾತ್ರ ಪರಮೇಶರಿಗೆ ಧೈರ್ಯ ಬರುತ್ತಿರಲಿಲ್ಲ. ಮೊದಲ ದಿನ ಡ್ರೋನು ಒಣಗಿದ ಗರಿಯೊಂದನ್ನು ನುಸುಳುಕೋರನೆಂದು ತೋರಿಸಿತು. ಎರಡನೆಯ ದಿನ ಪಕ್ಕದ ಮನೆ ಅನಸೂಯಮ್ಮನ ಎಮ್ಮೆಯನ್ನು. ಮೂರನೆಯ ದಿನ ಮಾತ್ರ ಕೆಂಪಣ್ಣನೇ ಸಿಕ್ಕ; ಆ ವಿಡಿಯೊವನ್ನು ಪ್ರೇಕ್ಷಾ ಜೋಪಾನವಾಗಿ ತೆಗೆದಿಟ್ಟುಕೊಂಡಿದ್ದಳು. ಆ ಒಂದು ದಿನವನ್ನು ನೆಚ್ಚಿಕೊಂಡು ಮಗಳು ಸಮಿತಿಯನ್ನು ಕರೆಸಿದ್ದಳು.

ತಂದೆಯಾಗಿ ತಮ್ಮ ಪಾಲಿನ ಕೆಲಸ ಅವರು ಮುಗಿಸಿದ್ದರು. ಶಾಮಿಯಾನ, ಎಳನೀರು, ಮಸಾಲೆ ವಡೆ. ಬಾವಿ ಕಟ್ಟೆ ಹತ್ತಿರ ತಿಂಗಳಿಂದ ಬಿದ್ದಿದ್ದ ಕಾಯಿ ರಾಶಿಯನ್ನು ನಿನ್ನೆ ಸಂಜೆಯೇ ಲಾರಿಗೆ ತುಂಬಿಸಿ ಮಂಡಿಗೆ ಸಾಗಿಸಿದ್ದರು. ಕೆಂಪಣ್ಣನನ್ನೂ ಕಾಯಿಯನ್ನೂ ಒಂದೇ ತೋಟದಲ್ಲಿ ಬಿಡುವಷ್ಟು ದಡ್ಡರಲ್ಲ ಅವರು.

ಹನ್ನೊಂದಕ್ಕೆ ಸಮಿತಿ ಬಂತು. ಮೂವರಲ್ಲಿ ಹಿರಿಯರು ನಿವೃತ್ತ ಕರ್ನಲ್, ಮಲ್ಲಿಪಟ್ಟಣದ ಕಡೆಯವರು. ಕಡಿಮೆ ಮಾತು, ದಪ್ಪ ಮೀಸೆ. ವಡೆಯ ಕಡೆ ನೋಡಲೂ ಇಲ್ಲ.

"ಹತ್ತು ನಿಮಿಷ ಟೈಮು. ಎಲ್ಲವ್ನೆ ತೋರ್ಸಮ್ಮ," ಎಂದರು.

ಡ್ರೋನು ಗುಂಯ್‌ಗುಡುತ್ತ ಮೇಲೇರಿ ಮರಗಳಾಚೆ ಮರೆಯಾಯಿತು. ದೊಡ್ಡ ಟೀವಿಯಲ್ಲಿ ತೆಂಗಿನ ತಲೆಗಳು ಸಾಲಾಗಿ ಸರಿಯತೊಡಗಿದವು. ಒಂದು ನಿಮಿಷ. ಮೂರು ನಿಮಿಷ. ಪ್ರೇಕ್ಷಾ ಲ್ಯಾಪ್‌ಟಾಪಿನಿಂದ ಕಣ್ಣು ಕೀಳಲಿಲ್ಲ. ಆರನೇ ನಿಮಿಷಕ್ಕೆ ಕರ್ನಲ್ ಗಡಿಯಾರ ನೋಡಿಕೊಂಡರು. ಪರಮೇಶ್ ಮನೆದೇವರಿಗೆ ಹರಕೆ ಹೊತ್ತರು.

ಏಳನೇ ನಿಮಿಷಕ್ಕೆ ತೆರೆಯ ಮೇಲೆ ಕೆಂಪು ಚೌಕ ಮೂಡಿತು. ಬಾವಿ ಕಟ್ಟೆಯ ಬಳಿ, ಕಾಯಿ ರಾಶಿಯ ಹಿಂದೆ, ತಲೆಗೆ ಟವೆಲ್ ಸುತ್ತಿ ಕುಕ್ಕರಗಾಲಲ್ಲಿ ಕೂತಿದ್ದ ಕೆಂಪಣ್ಣ! ಅವನ ಕಿವಿಯ ಒಂಟಿಯೂ ಕಾಣುವಷ್ಟು ಸ್ಪಷ್ಟ.

"ಹುಟ್ಟುಗುಣ ಎಲ್ಲಿಗೋಗ್ತದೆ? ಕಾಯಿ ಕಂಡಲ್ಲೇ ಓಗಿ ಕೂತವ್ನೆ ನೋಡಿ ಸಾ!" ಪರಮೇಶ್ ತೊಡೆ ತಟ್ಟಿ ನಕ್ಕರು. ಹೆಣ್ಣುಮಕ್ಕಳು ಚಪ್ಪಾಳೆ ಹೊಡೆದರು.

ಕರ್ನಲ್ ಎದ್ದು ನಿಂತು ಪ್ರೇಕ್ಷಾಳ ಕೈ ಕುಲುಕಿದರು. "ಹಿಮದಲ್ಲಿ ಕೂತು ಕಾಯೋ ನಮ್ಮ ಹುಡುಗರಿಗೆ ಇಂಥದ್ದೇ ಬೇಕು ಕಣಮ್ಮ. ಅನುದಾನಕ್ಕೆ ಶಿಫಾರಸು ಮಾಡ್ತೀನಿ. ನನ್ನ ಮಾತಿಗೆ ಅಲ್ಲಿ ಬೆಲೆ ಐತೆ." ಹೇಳಿ, ಅಲ್ಲೇ ಸಹಿಯನ್ನೂ ಹಾಕಿದರು. ಪ್ರೇಕ್ಷಾಳ ಕಣ್ಣು ತುಂಬಿತು. ಬೆಂಚಿನ ಮೇಲೆ ಕುಸಿದು ಕೂತಳು.

ಪರಮೇಶರ ಮನಸ್ಸು ಬೆಣ್ಣೆಯಾಗಿತ್ತು. ಇಪ್ಪತ್ತು ವರ್ಷದ ಸಿಟ್ಟು ಒಂದೇ ಗಳಿಗೆಯಲ್ಲಿ ಇಳಿದುಹೋಯಿತು. ಹೇಳಿದ ಮಾತಿನಂತೆ ನಡೆದುಕೊಂಡವನನ್ನು ಕಳ್ಳ ಎಂದು ಜರೆದೆನಲ್ಲ ಎಂದು ನಾಚಿಕೆಯೂ ಆಯಿತು.

"ಆ ಮನುಷ್ಯನ್ನ ಕರೀರಿ, ಒಂದ್ಸಲ ನೋಡ್ಬೇಕು," ಎಂದರು ಕರ್ನಲ್.

"ಬೇಡಿ ಸರ್," ಪ್ರೇಕ್ಷಾ ದಡಬಡಿಸಿ ಎದ್ದಳು. "ಆಗ್ಲೇ ಮನೆಗೆ ಹೋಗಿರ್ತಾನೆ."

"ಎಲ್ಲಿಗೋದಾನು? ಇಲ್ಲೇ ಅವ್ನೆ," ಎಂದರು ಪರಮೇಶ್. ಮಗಳು ತೋಳು ಜಗ್ಗಿದರೂ ಬಿಡದೆ, ಸಮಿತಿಯವರಿಗೆಂದು ತಂದಿದ್ದ ಶಾಲುಗಳಲ್ಲಿ ಒಂದನ್ನು ಬಿಚ್ಚಿ ಹಿಡಿದು, ತೋಟದ ಕಡೆ ತಿರುಗಿ ಕೂಗಿದರು. "ಲೋ ಕೆಂಪಣ್ಣಾ! ಗೆದ್ಬುಟ್ಟೆ ಕಣ್ಲಾ! ಬಾರ್ಲಾ ಈಚೆಗೆ!"

ಹಿಂದುಗಡೆ, ರಸ್ತೆಯ ಕಡೆಯ ಗೇಟು ಕಿರ್ ಎಂದಿತು. ಎಲ್ಲರೂ ತಿರುಗಿದರು. ಕಂಕುಳಲ್ಲಿ ಚೀಲ ಅವುಚಿಕೊಂಡು, ಏದುಸಿರು ಬಿಡುತ್ತ ಕುಂಟಿಕೊಂಡು ಬಂದ ಕೆಂಪಣ್ಣ ನೇರವಾಗಿ ಕರ್ನಲ್ ಮುಂದೆ ಕೈ ಮುಗಿದು ನಿಂತ.

"ತಪ್ಪಾಯ್ತು ಸಾ, ಇರೀಸಾವೆ ತಾವ ಬಸ್ ಕೆಟ್ಟು ನಿಂತ್ಬುಡ್ತು, ಈಗ್ತಾನೆ ಬತ್ತಾ ಇವ್ನಿ. ತಾವು ಇನ್ನೊಂದ್ ಗಳಿಗೆ ಕಾಯೋದಾದ್ರೆ, ಓಗಿ ಅವಿತ್ಕಳ್ಳಲಾ?"