ಬಚ್ಚಲಿಗೆ ಬಂದ ಪಾತ್ರೆಗಳು

ಸ್ಪೇನಿಗೆ ಕಾನೂನು ಓದಲು ಹೋದ ಸುಗುಣಾಳಿಗೆ ಬಾಡಿಗೆ ಕೋಣೆ ಸಿಕ್ಕಿರಲಿಲ್ಲ. ಕೊನೆಗೆ ಅವಳದೇ ವಿಶ್ವವಿದ್ಯಾಲಯದ ಶ್ರೀವತ್ಸ ತನ್ನ ಮನೆಯಲ್ಲೊಂದು ಕೋಣೆ ಕೊಟ್ಟ. ಕನ್ನಡದವನೆಂದು ಅವಳಿಗೂ ಧೈರ್ಯ ಬಂತು.

ಮೊದಲ ದಿನ ಊಟಕ್ಕೆ ಕೂತಾಗಲೇ ಅವನು, "ಅಂದಹಾಗೆ, ನೀವು ಯಾವ ಪೈಕಿ?" ಎಂದ. ಅವಳು ಮುಚ್ಚಿಡದೆ ತನ್ನ ಜಾತಿ ಹೇಳಿದಳು.

ಮರುದಿನ ಅವಳ ಪಾತ್ರೆಗಳೆಲ್ಲ ಅಡುಗೆಮನೆ ಬಿಟ್ಟು ಬಚ್ಚಲಿಗೆ ಬಂದು, ಕಮೋಡಿನ ಪಕ್ಕ ಕೂತಿದ್ದವು.

"ಏನ್ರೀ ಇದು?"

"ಬೇಜಾರಾಗ್ಬೇಡಿ. ನಮ್ಮಮ್ಮ ವಿಡಿಯೋ ಕಾಲಲ್ಲಿ ಅಡುಗೆಮನೆ ನೋಡ್ತಿರ್ತಾರೆ."

ಅವಳು ಇನ್ನೊಂದು ಕೋಣೆ ಸಿಗದಿದ್ದರೂ ಸರಿ ಎಂದು ಪಾತ್ರೆಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟೇಬಿಟ್ಟಳು.

ಅವನು ಓಡಿ ಬಂದು ಬಾಗಿಲಿಗೆ ಅಡ್ಡ ನಿಂತ.

"ಹೋಗೋದಾದ್ರೆ ಹೋಗಿ, ಆದ್ರೆ ಒಂದರ್ಧ ಗಂಟೆ ಕೂತು ಸಂದರ್ಶನ ಕೊಟ್ಬಿಡಿ. ಇಲ್ಲಿ ನಿಮ್ಮವರು ಒಬ್ರೂ ಸಿಗಲ್ಲ ನೋಡಿ. ನನ್ನ ಪಿಎಚ್.ಡಿ. ಅಸ್ಪೃಶ್ಯತೆ ನಿಷೇಧ ಕಾನೂನಿನ ಮೇಲೆ."